ಅಕ್ಕಾ, ಹಾರನ್ ಕಳಿಸಿ

"ಯಾರೂ ಕೆಳಗೆ ಇಳೀಬೇಡಿ. ಬಾನೆಟ್ ಹತ್ರ ಬಂದವರ ಕಿವಿ ನನ್ನ ಕೈಲಿರುತ್ತೆ," ಎಂದ ಡ್ರೈವರ್ ಮಾಮ.

ಶಾಲೆಯ ವ್ಯಾನು ರಸ್ತೆಯಂಚಿನಲ್ಲಿ ನಿಂತಿತ್ತು. ಬಾನೆಟ್ ಸಂದಿಯಿಂದ ಬುಸುಬುಸು ಹಬೆ ಏಳುತ್ತಿತ್ತು. ಒಳಗಿದ್ದ ಹನ್ನೊಂದು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಖುಷಿಯೋ ಖುಷಿ. ಮೊದಲ ಪೀರಿಯಡ್‌ನಲ್ಲಿ ಎಲ್ಲ ಕ್ಲಾಸಿಗೂ ಗಣಿತದ ಟೆಸ್ಟ್ ಇತ್ತು.

"ಮಾಮ, ರಿಪೇರಿಗೆ ಸಂಜೆವರೆಗೂ ಆಗುತ್ತಾ?" ಹಿಂದಿನ ಸೀಟಿನಿಂದ ಒಬ್ಬ ತುಂಬ ಆಸೆಯಿಂದ ಕೇಳಿದ.

ಹನ್ನೊಂದನೆಯವಳು ತರಲೆ. ಅವಳಿಗೆ ಇನ್ನೊಂದು ಹೆಸರೂ ಇತ್ತು, ಹಾಜರಿ ಪುಸ್ತಕದಲ್ಲಿ. ಮನೆಯಲ್ಲೂ ಬೀದಿಯಲ್ಲೂ ಅವಳು ತರಲೆಯೇ. ಈಗ ಕಂಪಾಸ್ ಬಾಕ್ಸನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದಳು. ಅದರೊಳಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ ಎರಡು ಹೋಳಾಗಿ ಬಿದ್ದಿತ್ತು.

ಎಲ್ಲ ಶುರುವಾದದ್ದು ಹಾರನ್‌ನಿಂದ. ದಿನಾ ಬೆಳಗ್ಗೆ ಡ್ರೈವರ್ ಮಾಮ ಅವಳ ಮನೆ ಮುಂದೆ ಹಾರನ್ ಮೇಲೆ ಕೈ ಇಟ್ಟರೆ, ಅವಳು ಬಂದು ಹತ್ತುವ ತನಕ ತೆಗೆಯುತ್ತಿರಲಿಲ್ಲ. ತರಲೆ ಇನ್ನೂ ಸಾಕ್ಸ್ ಹುಡುಕುತ್ತಿರುತ್ತಾಳೆ ಎಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಎದುರು ಮನೆಯ ಅಜ್ಜ ಬಾಲ್ಕನಿಗೆ ಬಂದು ನಗುತ್ತಿದ್ದರು.

ನಿನ್ನೆ ಸಂಜೆ ವ್ಯಾನು ಸರ್ವಿಸ್‌ಗೆ ಅಮ್ಮನ ಶೆಡ್ಡಿಗೆ ಬಂದಿತ್ತು. ತರಲೆಯ ಅಮ್ಮ ಮೆಕ್ಯಾನಿಕ್. ಹಾರನ್‌ಗೆ ಕರೆಂಟ್ ಬಿಡುವುದು ರಿಲೇ ಎಂಬ ಕಪ್ಪು ಡಬ್ಬಿ ಎಂದು ತರಲೆಗೆ ಗೊತ್ತಿತ್ತು. ಅಮ್ಮ ಕೈ ತೊಳೆಯಲು ಹೋದಾಗ ಅವಳು ರಿಲೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಯಾವ ಡಬ್ಬಿ ಯಾವುದಕ್ಕೆ ಎಂದು ಮುಚ್ಚಳದ ಒಳಗೆ ಚಿತ್ರವಿತ್ತು. ಎಡಗಡೆಯದು ಹಾರನ್. ಟಕ್ಕನೆ ಎಡಗಡೆಯದನ್ನು ಕಿತ್ತಳು. ಒಳಗೆ ಏನಿದೆ ನೋಡೋಣ ಎಂದು ರಾತ್ರಿ ಅದನ್ನು ಒಡೆದೂ ನೋಡಿದಳು.

ಬೆಳಗ್ಗೆ ಹಾರನ್ ಎಂದಿನಂತೆ ಬೀದಿ ಅದುರುವ ಹಾಗೆ ಕೂಗಿತು. ವ್ಯಾನು ಹತ್ತಿದ ಮೇಲೆ ಅವಳಿಗೆ ಹೊಳೆಯಿತು: ಮುಚ್ಚಳವನ್ನು ಉಲ್ಟಾ ಹಿಡಿದಿದ್ದಳು. ಹಾಗಾದರೆ ಕಿತ್ತದ್ದು ಯಾವುದು? ಟ್ರಾಫಿಕ್ಕಿನಲ್ಲಿ ಇಂಜಿನ್ ಕುದಿದಾಗ ಅದಕ್ಕೂ ಉತ್ತರ ಸಿಕ್ಕಿತು: ಇಂಜಿನ್ ತಂಪು ಮಾಡುವ ಫ್ಯಾನಿನದು.

ಡ್ರೈವರ್ ಮಾಮ ಫೋನ್ ಮಾಡಿದ್ದಕ್ಕೆ ಅಮ್ಮ ಸ್ಕೂಟರಿನಲ್ಲಿ ಬಂದಳು. ಟೂಲ್ ಬ್ಯಾಗು ಕೆಳಗಿಟ್ಟು, ಬಾನೆಟ್ ಎತ್ತಿದಳು.

"ನಿನ್ನೆ ತಾನೇ ನಿಮ್ಮ ಕೈಯಲ್ಲಿ ಸರ್ವಿಸ್ ಆಗಿದ್ದು ಅಕ್ಕಾ," ಎಂದ ಡ್ರೈವರ್ ಮಾಮ.

"ನೋಡೋಣ ಇರಿ."

ಅಮ್ಮ ಯಾವತ್ತೂ ಊಹೆ ಮಾಡುವವಳಲ್ಲ. 'ಇದಲ್ಲ, ಇದಲ್ಲ' ಎಂದು ಒಂದೊಂದೇ ಕಳೆಯುತ್ತಾ ಹೋಗುವವಳು. ಆ ಲೆಕ್ಕ ತರಲೆಗೆ ಬಾಯಿಪಾಠವಾಗಿತ್ತು. ಅವಳು ಕಿಟಕಿಯಿಂದ ಕತ್ತು ಚಾಚಿ ನೋಡಿದಳು.

ಇಂಜಿನ್ ತಣ್ಣಗಾಗುವವರೆಗೆ ಅಮ್ಮ ಕಾದಳು. ಬಾನೆಟ್ ಒಳಗಿನ ನೀರಿನ ಬಾಟಲಿ ನೋಡಿದಳು. "ನೀರಿದೆ. ಇದಲ್ಲ." ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿದಳು. ಸಲೀಸಾಗಿ ತಿರುಗಿತು. "ಇದೂ ಅಲ್ಲ." ಬ್ಯಾಟರಿಯಿಂದ ಫ್ಯಾನಿಗೆ ನೇರ ವೈರ್ ಕೊಟ್ಟಳು. ಫ್ಯಾನು ಗಿರ್ರೆಂದಿತು. "ಮೋಟಾರ್ ಚೆನ್ನಾಗಿದೆ. ಕರೆಂಟೇ ಬರ್ತಿಲ್ಲ." ಫ್ಯೂಸ್ ತೆಗೆದು ಬಿಸಿಲಿಗೆ ಹಿಡಿದಳು. "ಫ್ಯೂಸೂ ಹೋಗಿಲ್ಲ."

ಒಂದೊಂದು 'ಅಲ್ಲ'ಕ್ಕೂ ತರಲೆ ಕಂಪಾಸ್ ಬಾಕ್ಸನ್ನು ಇನ್ನಷ್ಟು ಒತ್ತಿ ಹಿಡಿದಳು. ಉಳಿದದ್ದು ಒಂದೇ.

ಅಮ್ಮ ರಿಲೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಎರಡು ಡಬ್ಬಿ ಇರಬೇಕಾದ ಕಡೆ ಒಂದೇ ಇತ್ತು. ಪಕ್ಕದ ಗೂಡು ಖಾಲಿ.

ಡ್ರೈವರ್ ಮಾಮ ಬಗ್ಗಿ ನೋಡಿದ. "ಹಾಕೋಕೇ ಮರೆತ್ರಾ ಅಕ್ಕಾ?"

ಅಮ್ಮ ನಿನ್ನೆಯ ಕೆಲಸವನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಮಾಡಿ ನೋಡುತ್ತಿದ್ದಳು. ಬೈಕ್ ನಿಲ್ಲಿಸಿಕೊಂಡು ತಮಾಷೆ ನೋಡುತ್ತಿದ್ದ ಒಬ್ಬ ಹಲ್ಲು ಕಿರಿದ. "ಹೆಂಗಸರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ?"

ಡ್ರೈವರ್ ಮಾಮ 'ಹಾಗಲ್ಲ' ಎನ್ನಲಿಲ್ಲ. ಕತ್ತು ಕೆರೆದುಕೊಂಡ. "ಮುಂದಿನ ತಿಂಗಳಿಂದ ಬೇರೆ ಕಡೆ ನೋಡ್ಕೋತೀನಿ ಅಕ್ಕಾ. ಮಕ್ಕಳನ್ನ ಕರ್ಕೊಂಡು ಹೋಗೋ ಗಾಡಿ."

ಅಮ್ಮ ಬೈಗುಳಕ್ಕೆ ಬೈಗುಳ ಕೊಡುವವಳು. ಇವತ್ತು ಸುಮ್ಮನೆ ತನ್ನ ಕೈಗಳನ್ನೇ ನೋಡುತ್ತಾ ನಿಂತಳು. ಆ ಕೈಗಳ ಮೇಲೆ ಅಮ್ಮನಿಗೇ ಅನುಮಾನ ಬಂದದ್ದನ್ನು ತರಲೆ ಯಾವತ್ತೂ ನೋಡಿರಲಿಲ್ಲ.

ಕಿವಿ ಹೋದರೆ ಹೋಗಲಿ ಎಂದು ಅವಳು ವ್ಯಾನಿಂದ ಧುಮುಕಿದಳು. ಕಂಪಾಸ್ ಬಾಕ್ಸ್ ತೆರೆದು ಹಿಡಿದಳು.

"ಅಮ್ಮ ಮರೆತಿಲ್ಲ. ನಾನು ಕಿತ್ತಿದ್ದು. ಹಾರನ್‌ದು ಅಂದ್ಕೊಂಡಿದ್ದೆ."

ಅಮ್ಮ ಎರಡು ಹೋಳುಗಳನ್ನು ಎತ್ತಿ ನೋಡಿದಳು. "ಒಡೆದೂ ಇಟ್ಟಿದ್ದೀಯ."

"ಒಳಗೆ ಏನಿದೆ ನೋಡೋಕೆ."

"ಏನಿತ್ತು?"

"ತಾಮ್ರದ ಸುರುಳಿ."

"ಮನೆಗೆ ಬಾ, ಅದರಲ್ಲೇ ನಿನ್ನ ಜಡೆ ಹಾಕ್ತೀನಿ." ಅಮ್ಮ ಡ್ರೈವರ್ ಮಾಮನ ಕಡೆ ತಿರುಗಿದಳು. "ಮರೆತೆ ಅಂದ್ರಲ್ಲ ಅಣ್ಣಾ, ಅದನ್ನ ವಾಪಸ್ ತಗೊಳ್ಳಿ."

"ತಗೊಂಡೆ ಅಕ್ಕಾ. ಎರಡು ಸಲ ತಗೊಂಡೆ."

ಬೈಕಿನವನು ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದ.

ಅಮ್ಮ ಉಳಿದಿದ್ದ ರಿಲೇಯನ್ನು ಕಿತ್ತು ಖಾಲಿ ಗೂಡಿಗೆ ಒತ್ತಿದಳು. "ಎರಡೂ ಒಂದೇ ಥರದವು. ಫ್ಯಾನ್ ಮುಖ್ಯ. ಹೊಸ ರಿಲೇ ನಾಡಿದ್ದು ಬರುತ್ತೆ, ಅಲ್ಲೀವರೆಗೂ ಹಾರನ್ ಇಲ್ಲ. ನಿಧಾನಕ್ಕೆ ಓಡಿಸಿ."

"ಹಾರನ್ ಇಲ್ದೆ ಈ ಕುಂಭಕರ್ಣರನ್ನ ಹೇಗೆ ಎಬ್ಬಿಸಲಿ ಅಕ್ಕಾ?"

ಅಮ್ಮ ತರಲೆಯನ್ನು ನೋಡಿದಳು. ಡ್ರೈವರ್ ಮಾಮನೂ ನೋಡಿದ. ಇಬ್ಬರ ಮುಖದಲ್ಲೂ ನಿಧಾನವಾಗಿ ಒಂದೇ ನಗು ಹರಡಿತು. ತರಲೆಗೆ ಆ ನಗು ಸ್ವಲ್ಪವೂ ಹಿಡಿಸಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು, ಅರ್ಧ ಗಂಟೆ ಮುಂಚೆ, ವ್ಯಾನು ಅವಳ ಮನೆ ಮುಂದೆ ನಿಂತಿತು.

"ಅಕ್ಕಾ, ಹಾರನ್ ಕಳಿಸಿ," ಎಂದ ಡ್ರೈವರ್ ಮಾಮ. ಬಾಲ್ಕನಿಯ ಅಜ್ಜ ಕೆಮ್ಮುವಷ್ಟು ನಕ್ಕರು.

ಪ್ರತಿ ಮನೆ ಮುಂದೂ ತರಲೆ ಕಿಟಕಿಯಿಂದ ತಲೆ ಹಾಕಿ "ಪೋಂ" ಎಂದು ಕೂಗಬೇಕಿತ್ತು. ಐದನೇ ಮನೆ ಒಂದನೇ ಕ್ಲಾಸಿನ ಗುಂಡನದು. ಒಂದು ಸಲ ಕೂಗಿದಳು, ಎರಡು ಸಲ ಕೂಗಿದಳು. ಗಂಟಲು ಕಟ್ಟಿತು, ಗುಂಡ ಬರಲಿಲ್ಲ. ಡ್ರೈವರ್ ಮಾಮ ಗಡಿಯಾರ ನೋಡಿದ. ಅವಳೂ ನೋಡಿದಳು. ಇನ್ನೂ ಆರು ಮನೆ ಬಾಕಿ.

ಕೊನೆಗೆ ಗುಂಡ ಒಂದೇ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಂದ. ಹತ್ತುತ್ತಲೇ ಅವಳನ್ನು ದುರುಗುಟ್ಟಿ ನೋಡಿದ.

"ನಾಳೆ ನಿನ್ನ ಬಾಯೊಳಗಿನ ಡಬ್ಬಿ ಕಿತ್ತು ಹಾಕ್ತೀನಿ."

ತರಲೆಗೆ ನಗು ಬಂತು. ನಗದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನ ಕಾಲನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಶೂ ತೊಡಿಸಿ ಲೇಸ್ ಕಟ್ಟತೊಡಗಿದಳು. ಮುಂದುಗಡೆ ಫ್ಯಾನು ಗುಂಯ್ಯೆಂದು ಶುರುವಾಯಿತು. ಅವಳು ಕತ್ತೆತ್ತಿ ಇಂಜಿನ್ ಬಿಸಿ ತೋರಿಸುವ ಮುಳ್ಳನ್ನು ನೋಡಿದಳು. ಅದು ನಟ್ಟನಡುವೆ ಅಲುಗಾಡದೆ ನಿಂತಿತ್ತು.

"ಆರನೇ ಮನೆ ಬಂತು," ಎಂದ ಡ್ರೈವರ್ ಮಾಮ.

ಲೇಸಿನ ಗಂಟು ಬಿಗಿ ಮಾಡಿ, ಅವಳು ಕಿಟಕಿಯಾಚೆ ತಲೆ ಹಾಕಿದಳು.