ಹನ್ನೆರಡನೆಯ ಮಹಡಿಯ ಮೊಹರು

ಋಣಶೋಧಕ ಯಂತ್ರವು ನೀಲಾಂಬಿಕಾ ಹಡಪದಳ ಬಲತೋಳನ್ನು ಭುಜದವರೆಗೂ ನುಂಗಿ ಗುರ್ ಎನ್ನತೊಡಗಿತು. ಬಾಗಲಕೋಟೆಯ ಸಭಾಭವನದಲ್ಲಿ ಸೇರಿದ್ದ ಜನ ಉಸಿರು ಬಿಗಿಹಿಡಿದು ಕುಳಿತರು. ಕುರ್ಚಿಯಲ್ಲಿ ಕುಳಿತು ಗುಂಡು ಎಸೆಯುವ ಸ್ಪರ್ಧೆಯಲ್ಲಿ ಆಕೆ ಇಡೀ ಜಗತ್ತಿಗೇ ಮೊದಲಿಗಳಾಗಿ ಬಂದಿದ್ದಳು. ಈಗ ತೀರ್ಮಾನವಾಗಬೇಕಾದದ್ದು ಒಂದೇ ಸಂಗತಿ: ಶಾಲು ಯಾರಿಗೆ?

ಹಿಂದೆಲ್ಲ ಸನ್ಮಾನವೆಂದರೆ ಗೆದ್ದವರಿಗೇ ಶಾಲು, ಪೇಟ, ಹಣ್ಣಿನ ಬುಟ್ಟಿ. ಡಾಕ್ಟರ್ ಸುನಂದಾ ಮೊಕಾಶಿಯವರು ಈ ಯಂತ್ರವನ್ನು ಕಂಡುಹಿಡಿದ ಮೇಲೆ ಆ ಪದ್ಧತಿ ಮೂಲೆ ಸೇರಿತು. ಮನುಷ್ಯ ಪಟ್ಟ ಪ್ರತಿಯೊಂದು ಶ್ರಮವೂ ಅವನ ಸ್ನಾಯುವಿನ ಎಳೆಗಳಲ್ಲಿ ಒಂದು ಗೀಚು ಬಿಡುತ್ತದೆ. ಆ ಗೀಚುಗಳಿಗೆ ಅವರು ‘ಸ್ನಾಯುಲಿಪಿ’ ಎಂದು ಹೆಸರಿಟ್ಟಿದ್ದರು. ಗೆಲುವಿನಲ್ಲಿ ಯಾರ ಪಾಲು ಎಷ್ಟೆಂದು ಯಂತ್ರ ಅದನ್ನು ಓದಿ ಹೇಳುತ್ತಿತ್ತು. ಹೆಚ್ಚು ಪಾಲಿನವರಿಗೆ ಶಾಲು ಹೊದಿಸುತ್ತಿದ್ದರು. ಹೋದ ತಿಂಗಳು ಓಟದಲ್ಲಿ ಗೆದ್ದ ಹುಡುಗನೊಬ್ಬನ ಶಾಲು, ಅವನನ್ನು ದಿನಾ ಅಟ್ಟಿಸಿಕೊಂಡು ಬರುತ್ತಿದ್ದ ಪಕ್ಕದ ಮನೆಯ ಎಮ್ಮೆಗೆ ಸಂದಿತ್ತು. ಎಮ್ಮೆ ಅದನ್ನು ತಿಂದಿತು.

ನೀಲಾಂಬಿಕಾಳಿಗೆ ಶಾಲು ಬೇಕಿರಲಿಲ್ಲ, ಕುಳಿತು ಗುಂಡು ಎಸೆಯುವ ಕುರ್ಚಿ ಬೇಕಿತ್ತು. ಹುಟ್ಟಿದಾಗಿನಿಂದ ಆಕೆಯ ಕಾಲುಗಳಲ್ಲಿ ಶಕ್ತಿಯಿಲ್ಲ. ಆಟಗಾರರಿಗೆ ಸಲಕರಣೆ ಒದಗಿಸಬೇಕಾದ ಕ್ರೀಡಾಶಕ್ತಿ ನಿಗಮ ಒಂದು ಮೊಳೆಯನ್ನೂ ಕೊಡದಿದ್ದಾಗ, ಹಳೆಯ ಟ್ರ್ಯಾಕ್ಟರಿನ ಸೀಟಿಗೆ ಕಬ್ಬಿಣದ ಕಾಲು ಬೆಸುಗೆ ಹಾಕಿಸಿಕೊಂಡು ಎಸೆಯುವುದನ್ನು ಕಲಿತವಳು. ಗೆದ್ದ ಎಸೆತಕ್ಕೇ ಆ ಕಬ್ಬಿಣದ ಕಾಲು ಮುರಿದಿತ್ತು. ಮುಂದಿನ ಕೂಟ ಹತ್ತಿರ ಬಂದಿತ್ತು. ಕುರ್ಚಿಯಿಲ್ಲದೆ ಹೋದರೆ ಪ್ರೇಕ್ಷಕರ ಜೊತೆ ಕುಳಿತು ಚಪ್ಪಾಳೆ ತಟ್ಟಬೇಕಷ್ಟೆ.

“ನಿಮ್ಮ ಯಂತ್ರ ಸುಳ್ಳ ಹೇಳೂದಿಲ್ಲ ಹೌದಲ್ರಿ ಮೇಡಮ್ಮಾರ?” ಎಂದು ಆಕೆ ಮೆಲ್ಲಗೆ ಕೇಳಿದಳು.

“ಇಲ್ಲವ್ವಾ. ಸ್ನಾಯುಕ್ಕ ಸುಳ್ಳ ಬರಿಯಾಕ ಬರೂದಿಲ್ಲ,” ಎಂದರು ಮೊಕಾಶಿ.

“ಹಂಗಿದ್ರ ನಿಗಮದ ಪಾಲು ಸೊನ್ನೆ ಅಂತ ಎಲ್ಲಾರ ಮುಂದ ಬರಲಿ. ನಾಚಿಕಿಗಾದ್ರೂ ಒಂದ್ ಕುರ್ಚಿ ಕೊಟ್ಟಾರು.”

ಯಂತ್ರ ನಿಂತಿತು. ಪರದೆಯ ಮೇಲೆ ಅಕ್ಷರ ಮೂಡಿತು: ಕ್ರೀಡಾಶಕ್ತಿ ನಿಗಮ, ಶೇಕಡಾ ಅರವತ್ತೊಂದು.

ನಿಗಮದ ನಿರ್ದೇಶಕ ಯಾದವಾಡ ಸಾಹೇಬರಿಗೇ ಅದನ್ನು ನಂಬಲಾಗಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮೊಕಾಶಿಯವರು ಲಿಪಿಯನ್ನು ಹಿಗ್ಗಿಸಿ ನೋಡಿ ಕೇಳಿದರು, “ನಿಗಮದ ಕಚೇರಿ ಮೂರನೇ ಮಹಡಿ ಒಳಗ ಐತೇನವ್ವಾ?”

“ಹೌದ್ರಿ. ಲಿಫ್ಟ್ ಕೆಟ್ಟೈತಿ. ಕುರ್ಚಿ ಕೇಳಾಕ ಪ್ರತಿ ಸೋಮವಾರ ಕೈ ಊರಿ, ಕುಂತಕೊಂಡಽ ಒಂದೊಂದ್ ಮೆಟ್ಟಲಾ ಏರ್ತಿದ್ದೆ. ನಾಳೆ ಬಾ ಅಂತಿದ್ರು. ಮತ್ತ ಇಳೀತಿದ್ದೆ. ಆರು ವರ್ಷ ಆತ್ರಿ.”

“ಅದಽ ನಿನ್ನ ತಾಲೀಮು,” ಎಂದು ಮೊಕಾಶಿ ತಲೆ ತಗ್ಗಿಸಿದರು. ತಾವು ಕಟ್ಟಿದ ಯಂತ್ರದ ಬಗ್ಗೆ ಅವರಿಗೆ ಮೊದಲ ಸಲ ಹೇಸಿಗೆಯಾಯಿತು.

ಯಾದವಾಡರಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. “ನಾವೇನ್ ಸುಮ್ಮ ಕೂತಿರಲಿಲ್ಲ ನೋಡ್ರಿ,” ಎಂದು ಸಭೆಗೆ ಹೇಳಿ ಶಾಲನ್ನು ತಾವೇ ಹೊದ್ದುಕೊಂಡರು. ನೀಲಾಂಬಿಕಾ ಅಲ್ಲಿಯೇ ಕುರ್ಚಿ ಕೇಳಿದಳು. “ಕುರ್ಚಿ ಕೊಟ್ರ ನೀ ಬರೂದ ಬಿಡ್ತಿ. ನಮ್ಮ ಪಾಲು ಇಳೀತದಲ್ಲ ತಂಗಿ,” ಎಂದು ಅವರು ಪ್ರೀತಿಯಿಂದಲೇ ತಿಳಿಸಿ ಹೇಳಿದರು. ಆಕೆಗೆ ಅಳು ಬಂತು. ಯಂತ್ರದೊಳಗಿಂದ ತೋಳನ್ನು ಎಳೆದುಕೊಂಡು ಕಣ್ಣೊರೆಸಿಕೊಂಡಳು.

ಮೂರು ಮಹಡಿಗೇ ಇಷ್ಟು ಸಾಧನೆಯಾದರೆ ಹನ್ನೆರಡು ಮಹಡಿಗೆ ಎಷ್ಟಾದೀತು? ನಿಗಮ ತನ್ನ ಕಚೇರಿಯನ್ನು ಊರಿನ ಅತಿ ಎತ್ತರದ ಕಟ್ಟಡದ ತುತ್ತತುದಿಗೆ ಸಾಗಿಸಿತು. ಉದ್ಘಾಟನೆಯ ದಿನ ಅಧಿಕಾರಿಗಳೆಲ್ಲ ಲಿಫ್ಟಿನಲ್ಲಿ ಏರಿ, ಟೇಪು ಕತ್ತರಿಸಿ, ಶಿರಾ ಉಪ್ಪಿಟ್ಟು ತಿಂದು, ಲಿಫ್ಟಿನಲ್ಲೇ ಇಳಿದು ಬಂದರು. ಆಮೇಲೆ ಕ್ರೀಡೆಯ ಹಿತದೃಷ್ಟಿಯಿಂದ ಲಿಫ್ಟಿನ ಮೋಟಾರನ್ನು ಕೀಳಿಸಿ ಗುಜರಿಗೆ ಹಾಕಿದರು. ತಾವೂ ಮರುದಿನ ಕೆಲಸಕ್ಕೆ ಬರಬೇಕೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಮರುದಿನ ಯಾದವಾಡರು ಐದನೆಯ ಮಹಡಿಯಲ್ಲಿ ಎದೆ ಹಿಡಿದುಕೊಂಡು ಕುಳಿತರು. ಗುಮಾಸ್ತರು ನಾಲ್ಕನೆಯದರಲ್ಲೇ ಕೈಚೆಲ್ಲಿದ್ದರು. ಕಚೇರಿ ಕೆಳಗಿನ ಬೇವಿನ ಮರದಡಿಗೆ ಬಂತು. ಬಾಡಿಗೆಗೆ ಮೇಜು ಬಂತು, ಪಂಖವೂ ಬಂತು; ನಿಗಮದ ಮೊಹರು ಮಾತ್ರ ಹನ್ನೆರಡನೆಯ ಮಹಡಿಯ ಡ್ರಾಯರಿನಲ್ಲೇ ಉಳಿದಿತ್ತು. ಹೊಸ ಮೊಹರು ಮಾಡಿಸೋಣವೆಂದರೆ ಅದರ ಆದೇಶಕ್ಕೆ ಹಳೆಯ ಮೊಹರು ಬೀಳಬೇಕು. ಮೊಹರಿಲ್ಲದೆ ಯಾವ ಕಾಗದವೂ ಅಲುಗಾಡಲಿಲ್ಲ, ಸಿಬ್ಬಂದಿಯ ಸಂಬಳವೂ ಆಗಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಯಾದವಾಡರ ಮನೆಯಲ್ಲಿ ಒಲೆ ಹೊತ್ತುವುದೂ ಕಷ್ಟವಾಯಿತು.

ಮುಂದಿನ ಸೋಮವಾರವೂ ನೀಲಾಂಬಿಕಾ ಎಂದಿನಂತೆ ತನ್ನ ಗಾಲಿಕುರ್ಚಿ ನೂಕಿಕೊಂಡು ಬಂದಳು. ಮರದಡಿಯಲ್ಲಿ ಅರ್ಜಿ ಹಿಡಿದವರ ಸಾಲು ಬೆಳೆದಿತ್ತು: ಬೂಟು ಬೇಕಾದ ಕುರುಡು ಓಟಗಾರ, ಕೊಳಕ್ಕೆ ಇಳಿಯಲು ಅನುಮತಿ ಬೇಕಾದ ಒಂದು ಕೈಯ ಈಜುಗಾತಿ.

“ತಂಗಿ, ನೀ ಒಬ್ಬಾಕಿನಽ ಏರಬಲ್ಲಿ. ಮೊಹರು ತಂದು ಕೊಡವ್ವಾ,” ಎಂದರು ಯಾದವಾಡ.

“ತರ್ತೀನ್ರಿ ಸಾಹೇಬ್ರ. ಮದಲ ನನ್ನ ಕುರ್ಚಿ ಆದೇಶ ಬರೀರಿ.”

ಅವರು ಕೂಡಲೇ ಬರೆದರು. ಆಕೆ ಗಾಲಿಕುರ್ಚಿಯಿಂದ ಇಳಿದು, ಮೊದಲ ಮೆಟ್ಟಿಲ ಮೇಲೆ ಅಂಗೈ ಊರಿದಳು. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಮೊಹರನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡು ಇಳಿದು ಬಂದಳು. ಅಂಗೈ ಸುಲಿದು ರಕ್ತ ಜಿನುಗುತ್ತಿತ್ತು. ಮೇಜಿನ ಬಳಿ ಸರಿದು ತನ್ನ ಆದೇಶದ ಮೇಲೆ ಮೊಹರು ಒತ್ತಿದಳು. ಆಮೇಲೆ ಓಟಗಾರನ ಅರ್ಜಿಯನ್ನು ಇಸಿದುಕೊಂಡು ಅದರ ಮೇಲೂ ಒತ್ತಿದಳು.

“ಏ, ಏನ್ ಮಾಡ್ಲಿಕ್ಕತ್ತಿ? ಇತ್ಲಾಗ ಕೊಡು,” ಎಂದರು ಯಾದವಾಡ.

“ಕೊಡ್ತೀನ್ರಿ. ಸಾಲು ಮುಗೀಲಿ. ಅವಸರ ಇದ್ರ ನಾ ಮತ್ತ ಮ್ಯಾಲ ಇಟ್ಟು ಬರ್ಲೇನು?”

ಯಾದವಾಡರು ಮಸಿಪೆಟ್ಟಿಗೆಯನ್ನು ಆಕೆಯತ್ತ ಸರಿಸಿದರು. ಸಾಲು ಕರಗುತ್ತಾ ಬಂತು. ಕೊನೆಗೆ ಮೇಜಿನ ಮುಂದೆ ಒಬ್ಬರೇ ಉಳಿದರು, ಬೆವರು ಒರೆಸಿಕೊಳ್ಳುತ್ತಾ ನಿಂತ ಯಾದವಾಡರೇ. ಅವರೂ ಒಂದು ಅರ್ಜಿ ಬರೆದು ತಂದಿದ್ದರು: ನಿಗಮಕ್ಕೆ ತುರ್ತಾಗಿ ಲಿಫ್ಟ್ ಬೇಕು.

ನಾಳೆ ಬರ್ರಿ ಎಂಬ ಮಾತು ನೀಲಾಂಬಿಕಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೆಟ್ಟಿಲು ಎಂದರೇನೆಂದು ಆಕೆಗೆ ಗೊತ್ತಿತ್ತು. ಮೊಹರನ್ನು ಒತ್ತಿ, ಕಾಗದವನ್ನು ಅವರ ಕೈಗೆ ಕೊಟ್ಟಳು.