ಬಾಚಲೆ ಬರೆದ ಬೆಟ್ಟ

ಬಹಳ ಬಹಳ ಹಿಂದಿನ ಮಾತು. ಶೃಂಗಪುರಿಯೆಂಬ ರಾಜ್ಯದಲ್ಲಿ, ಹೊಳೆದಂಡೆಯ ಬಂಡೆಯ ನೆತ್ತಿಯಲ್ಲಿ, ಚಿತ್ರಗಾರರ ಒಂದು ಹಳೆಯ ಮನೆಯಿತ್ತು. ಅಲ್ಲಿ ರೇವಣನೂ ಅವನ ತಂಗಿ ಬಾಚಲೆಯೂ ಇದ್ದರು. ಹೆಂಗಸರು ಹೂವು ಬರೆಯಬಹುದು, ಹಣತೆ ಬರೆಯಬಹುದು. ಬೆಟ್ಟ, ಹೊಳೆ, ಆಕಾಶ ಬರೆದರೆ ಹೆಬ್ಬೆರಳು ಕತ್ತರಿಸಬೇಕು. ಇದು ಆ ರಾಜ್ಯದ ಕಟ್ಟಳೆ. ಆದರೆ ಬೆಟ್ಟ ಕಂಡರೆ ಬಾಚಲೆಯ ಕೈ ಸುಮ್ಮನಿರುತ್ತಿರಲಿಲ್ಲ. ಅವಳು ಕದವಿಕ್ಕಿಕೊಂಡು ಬರೆಯುತ್ತಿದ್ದಳು. ಅಣ್ಣ ಚಿತ್ರದ ಕೆಳಗೆ ತನ್ನ ಹೆಸರು ಹಾಕುತ್ತಿದ್ದ. ಹೊಗಳಿಕೆಯೆಲ್ಲ ಅವನಿಗೇ.

ಒಂದು ದಿನ ಕರಾಳಜಿಹ್ವನೆಂಬ ಮಾಂತ್ರಿಕ ಆ ಮನೆಗೆ ನುಗ್ಗಿದ. ಗೋಡೆಯ ಮೇಲೆ ಬಾಚಲೆ ಬರೆದ ಬೆಟ್ಟ, ಹೊಳೆ, ಆಕಾಶದ ಮೂರು ಚಿತ್ರಗಳನ್ನು ತನ್ನ ಕೋಲಿನಿಂದ ಮುಟ್ಟಿದ. ಹೊರಗಿನ ಬೆಟ್ಟ ಚಿತ್ರದೊಳಗೆ ಸೇರಿತು. ಹೊಳೆ ಸೇರಿತು. ಆಕಾಶವೂ ಸೇರಿತು. ಬೆಟ್ಟದ ದನಗಾಹಿಗಳು, ಹೊಳೆಯ ಅಂಬಿಗರು, ಎಲ್ಲರೂ ಒಳಗಾದರು. ಜನರ ತಲೆಯ ಮೇಲೆ ಬರೀ ಬಿಳುಪು ಉಳಿಯಿತು.

ರಾಜ ಓಡಿಬಂದ. ಮಾಂತ್ರಿಕ ಒಂದು ದೀಪ ಹಚ್ಚಿಟ್ಟು ನಕ್ಕ.

"ಇವೆಲ್ಲ ಹೊರಬರಬೇಕಾದರೆ ಬರೆದವರೇ ಒಳಹೋಗಿ ಕಾವಲಿನ ಮೃಗಗಳಿಗೆ ನಿಜ ಹೇಳಬೇಕು. ಈ ದೀಪ ಆರಿದರೆ ಎಲ್ಲವೂ ನನ್ನದು!"

"ರೇವಣ, ಹೋಗು!" ಎಂದ ರಾಜ.

ರೇವಣ ತಂಗಿಯ ಕಡೆ ನೋಡಿದ. ನಿಜ ಹೇಳಿದರೆ ತಂಗಿಯ ಬೆರಳು ಹೋಗುತ್ತದೆ. ಅವನು ಬೆಟ್ಟದ ಚಿತ್ರದೊಳಗೆ ಒಂದು ಕಾಲಿಟ್ಟ. ಹುಲಿಯೊಂದು ಎದ್ದು ನಿಂತಿತು.

"ಈ ಬೆಟ್ಟ ಬರೆದವರು ಯಾರು?"

"ನಾನು."

ಅಂದದ್ದೇ ತಡ, ಅವನು ಚೌಕಟ್ಟಿನಲ್ಲೇ ಕಲ್ಲಾದ.

"ಅಣ್ಣಾ!" ಬಾಚಲೆ ಚೀರಿದಳು. ದೀಪದ ಎಣ್ಣೆ ಆಗಲೇ ಅರ್ಧವಾಗಿತ್ತು. ಅವಳು ಕಲ್ಲಾದ ಅಣ್ಣನ ಪಕ್ಕದಿಂದ ಒಳಗೆ ನುಸುಳಿದಳು.

"ಈ ಬೆಟ್ಟ ಬರೆದವರು ಯಾರು?"

"ನಾನು." ಹುಲಿ ಅವಳ ಬೆರಳು ಮೂಸಿ ದಾರಿ ಬಿಟ್ಟಿತು. ಬೆಟ್ಟ ಹೊರಗೆ ಬಂದು ನಿಂತಿತು.

"ಈ ಹೊಳೆ ಬರೆದವರು ಯಾರು?" ಎರಡನೆಯ ಚಿತ್ರದಲ್ಲಿ ಮೊಸಳೆ ಬಾಯಿ ತೆರೆದು ಕೇಳಿತು.

"ನಾನು." ಮೊಸಳೆ ಮುಳುಗಿತು. ಹೊಳೆ ಹೊರಗೆ ಭೋರ್ಗರೆಯಿತು.

ದೀಪ ಮಿಣುಕುತ್ತಿತ್ತು. ಮೂರನೆಯ ಚಿತ್ರದ ಮುಂದೆ ಮಾಂತ್ರಿಕ ಅವಳ ಕಿವಿಯಲ್ಲಿ ಪಿಸುಗುಟ್ಟಿದ: "ಆಕಾಶ ಬರೆದವನು ರೇವಣ ಅಂದುಬಿಡು. ನಿನ್ನಣ್ಣನನ್ನು ಬದುಕಿಸುತ್ತೇನೆ. ಬೆರಳೂ ಉಳಿಯುತ್ತದೆ."

ಬಾಚಲೆ ಕಲ್ಲಾದ ಅಣ್ಣನನ್ನು ನೋಡಿದಳು. ಅಷ್ಟರಲ್ಲಿ ಚಿತ್ರದಿಂದ ಗಂಡಭೇರುಂಡ ಎರಡೂ ತಲೆ ಚಾಚಿ ಗುಡುಗಿತು: "ಯಾರು?"

"ನಾನು, ಬಾಚಲೆ! ಮೂರನ್ನೂ ನಾನೇ ಬರೆದೆ. ರಾಜರೂ ಕೇಳಿಸಿಕೊಳ್ಳಲಿ!"

ಗಂಡಭೇರುಂಡ ರೆಕ್ಕೆ ಬಿಚ್ಚಿತು. ಮಾಂತ್ರಿಕನನ್ನು ಎರಡು ಕೊಕ್ಕುಗಳಲ್ಲಿ ಕಚ್ಚಿಕೊಂಡು ಹಾರಿಹೋಯಿತು. ಅದರ ಹಿಂದೆಯೇ ನೀಲಿ ಆಕಾಶ ಹೊರಗೆ ಹರಡಿತು. ರೇವಣನ ಮೈಯಲ್ಲಿ ಉಸಿರಾಡಿತು.

ಆದರೆ ರಾಜನ ಜೊತೆ ಬಂದಿದ್ದ ತಳವಾರ ಕತ್ತಿ ಹಿರಿದಿದ್ದ. ಕಟ್ಟಳೆ ಕಟ್ಟಳೆಯೇ. ರೇವಣ ತಂಗಿಯ ಮುಂದೆ ಬಂದು ಕೈಚಾಚಿದ. "ನನ್ನದು ಕತ್ತರಿಸಿ, ಪ್ರಭೂ. ಅವಳ ಹೆಸರು ಕದ್ದವನು ನಾನು."

ಬೆಟ್ಟದಿಂದ ಇಳಿದುಬಂದ ದನಗಾಹಿ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಳು: "ನಮ್ಮನ್ನ ಉಳಿಸಿದ ಕೈನ ಕತ್ತರಿಸ್ತೀರಾ, ಬುದ್ಧೀ?"

ರಾಜ ತಲೆತಗ್ಗಿಸಿದ. ಆಮೇಲೆ ತಳವಾರನ ಕತ್ತಿಯನ್ನು ತಾನೇ ಕಿತ್ತು ಹೊಳೆಗೆ ಎಸೆದ. "ಕಟ್ಟಳೆಯೂ ಹೋಗಲಿ!" ಎಂದ.

ಮರುದಿನದಿಂದ ಶೃಂಗಪುರಿಯ ಹೆಣ್ಣುಮಕ್ಕಳು ಕುಂಚ ಹಿಡಿದು ಗುಂಪುಗುಂಪಾಗಿ ಬೆಟ್ಟ ಹತ್ತಿದರು. ಬಾಚಲೆ ಅವರಿಗೆ ಗುರುವಾದಳು; ರೇವಣ ಬಣ್ಣ ಅರೆದುಕೊಟ್ಟ. ಆ ನಾಡಿನಲ್ಲಿ ಎಲ್ಲರೂ ತುಂಬು ಸುಖದಿಂದ ಬಾಳಿದರು.