ಮೋಟರ್ ತಾನೇ ನಿಲ್ಲಬೇಕು

ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸ್. ಹೇಮಶ್ರೀ ಹಿತ್ತಲಲ್ಲಿ ನಿಂತು ತಾರಸಿಯ ಮೇಲಿನ ಟ್ಯಾಂಕನ್ನೇ ನೋಡುತ್ತಿದ್ದಳು.

"ತುಂಬು, ಬೇಗ ತುಂಬು! ಎಷ್ಟು ಕುಡೀತೀಯ ನೀನು?" ಎಂದು ಟ್ಯಾಂಕಿಗೇ ಬೈದಳು.

ಮೋಟರ್ ಗುಂಯ್ ಎನ್ನುತ್ತಲೇ ಇತ್ತು. ಅಪ್ಪ, ಅಮ್ಮ ಇಬ್ಬರೂ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದರು. ಅಜ್ಜಿ ದಾಕ್ಷಾಯಣಮ್ಮ ದೇವರ ಮನೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಅಜ್ಜಿ ಪೂಜೆಗೆ ಕೂತರೆ ಮುಗೀತು. ಎಡ ಅಂಗೈಯಲ್ಲಿ ಇಷ್ಟಲಿಂಗ, ಕಣ್ಣು ಅದರ ಮೇಲೆ. ಮಾತಿಲ್ಲ, ಏಳುವುದಿಲ್ಲ. ಬಾಗಿಲಿಗೆ ಯಾರು ಬಂದರೂ ಅಷ್ಟೇ, ಒಲೆ ಮೇಲೆ ಹಾಲು ಉಕ್ಕಿದರೂ ಅಷ್ಟೇ.

ಹಾಗಾಗಿ ಸಂಪಿನ ಮುಚ್ಚಳ ಎತ್ತಿ ನೀರಿದೆಯಾ ನೋಡುವುದು, ಮೋಟರ್ ಹಾಕುವುದು, ಟ್ಯಾಂಕ್ ತುಂಬಿದ ಮೇಲೆ ಆರಿಸುವುದು, ಎಲ್ಲ ಹೇಮಳ ಪಾಲಿಗೆ. ಅಷ್ಟರಲ್ಲಿ ಸ್ಕೂಲಿನಲ್ಲಿ ಥ್ರೋಬಾಲ್ ಪ್ರಾಕ್ಟೀಸ್ ಅರ್ಧ ಮುಗಿದಿರುತ್ತಿತ್ತು.

ಅವತ್ತೂ ಹಾಗೇ ಆಯಿತು. ಕ್ಯಾಪ್ಟನ್ ಬಿಂದುಶ್ರೀ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಬಂದ್ರಾ ಮೋಟರ್ ಮೇಡಮ್ಮು? ನಾಳೆ ಸೆಲೆಕ್ಷನ್ ಕಣೇ. ನಾಳೆನೂ ಲೇಟಾದ್ರೆ ಮಿಸ್ ನಿನ್ನ ಟೀಮಿಗೆ ಸೇರಿಸಲ್ಲ."

ಸಂಜೆ ಅಪ್ಪ ಶೂ ಬಿಚ್ಚುವುದಕ್ಕೂ ಹೇಮ ಬಿಡಲಿಲ್ಲ. ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಿವರುದ್ರಪ್ಪನವರ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಲೇಬೇಕಾಯಿತು.

"ಎಲ್ಲಾ ಆಟೋಮ್ಯಾಟಿಕ್ ಮಾಡ್ಬುಡೋಣ ಸರ್," ಎಂದರು ಶಿವರುದ್ರಪ್ಪ. "ನೋಡಿ, ಇದು ರಿಮೋಟು. ಕೂತಲ್ಲೇ ಲೈಟು, ಫ್ಯಾನು, ಮೋಟರು."

ಹೇಮ ಟಕ್ಕನೆ ಒತ್ತಿದಳು. ಅಂಗಡಿಯ ಫ್ಯಾನ್ ನಿಂತೇಹೋಯಿತು.

"ಅಯ್ಯೋ, ಆರಿಸ್ಬೇಡ ಪುಟ್ಟಿ, ಸೆಖೆ!"

"ರಿಮೋಟ್ ಇದ್ರೂ ಟ್ಯಾಂಕ್ ತುಂಬ್ತಾ ಅಂತ ನೋಡೋಕೆ ಒಬ್ರು ಬೇಕಲ್ರೀ?" ಎಂದರು ಅಪ್ಪ.

"ಹಂಗಾದ್ರೆ ಇದು ತಗೊಳ್ಳಿ. ಮೊದಲ್ನೇ ಸಲ ಹಾಕ್ಸೋರಿಗೆ ಇದೇ ಸರಿ. ಟ್ಯಾಂಕಿಗೊಂದು, ಸಂಪಿಗೊಂದು ಸೆನ್ಸರ್. ಮೇಲೆ ನೀರು ಇಳಿದ್ರೆ ತಾನೇ ಆನ್. ಮೇಲೆ ತುಂಬಿದ್ರೂ ಆಫ್, ಕೆಳಗೆ ಖಾಲಿ ಆದ್ರೂ ಆಫ್. ವೈರ್ ಎಳೀಬೇಕು. ನಮ್ಮ ಮಂಟಯ್ಯ ಭಾನುವಾರ ಬಂದು ಹಾಕ್ಕೊಡ್ತಾನೆ."

"ಭಾನುವಾರಾನಾ?" ಹೇಮಳ ಕಾಲು ನಿಂತಲ್ಲೇ ಕುಣಿಯತೊಡಗಿತು. "ನಾಳೆಗೇ ಆಗೋದು ಯಾವ್ದೂ ಇಲ್ವಾ ಅಂಕಲ್?"

"ಟೈಮರ್ ಇದೆ. ಪ್ಲಗ್ಗಿಗೆ ಸಿಗಿಸಿ, ಗುಂಡಿ ಇಪ್ಪತ್ತು ನಿಮಿಷಕ್ಕೆ ತಿರುಗಿಸಿಟ್ರೆ ತಾನೇ ನಿಲ್ಲುತ್ತೆ. ಆದ್ರೆ ಅದಕ್ಕೆ ಹೊತ್ತು ಗೊತ್ತಾಗುತ್ತೆ, ನೀರು ಗೊತ್ತಾಗಲ್ಲ."

"ಬೇಡ ಹೇಮಾ. ನಾಲ್ಕು ದಿನ ತಡ್ಕೋ," ಎಂದರು ಅಪ್ಪ, ಕಣ್ಣುಜ್ಜಿಕೊಳ್ಳುತ್ತಾ.

"ಅಪ್ಪಾ, ಪ್ಲೀಸ್! ದಿನಾ ಸಂಪ್ ನೋಡ್ಕೊಂಡೇ ಹಾಕ್ತೀನಿ. ಪ್ರಾಮಿಸ್!"

ಅಪ್ಪನಿಗೆ ವಾದ ಮಾಡುವಷ್ಟು ತ್ರಾಣ ಇರಲಿಲ್ಲ. ಟೈಮರ್ ಮನೆಗೆ ಬಂತು.

ಬೆಳಿಗ್ಗೆ ಹೇಮ ಗುಂಡಿಯನ್ನು ಕರ್ರ್ ಎಂದು ತಿರುಗಿಸಿದಳು. ಮೋಟರ್ ಗುಂಯ್ ಎಂದಿತು, ಟೈಮರ್ ಟಿಕ್ ಟಿಕ್ ಎಂದಿತು. ಹೇಮ ಬ್ಯಾಗ್ ಹೆಗಲಿಗೇರಿಸಿ ಗೇಟು ದಾಟಿ ಒಂದೇ ಓಟ.

ರಸ್ತೆಯ ತಿರುವಿನ ನಲ್ಲಿಯ ಹತ್ತಿರ ಖಾಲಿ ಕೊಡಗಳ ಸಾಲು. ಪಕ್ಕದ ಮನೆಯ ಪುಟ್ಟಲಿಂಗಮ್ಮ ಕೂಗಿ ಕೇಳಿದರು:

"ಏ ಹೇಮಾ, ನಿಮ್ಮನೆ ಸಂಪಲ್ಲಿ ನೀರಿದ್ಯೇನವ್ವಾ? ಎಲ್ಲೋ ಪೈಪ್ ಒಡೆದೋಗಿದ್ಯಂತೆ. ನಿನ್ನೆಯಿಂದ ನಲ್ಲೀಲಿ ಒಂದು ತೊಟ್ಟೂ ಬಂದಿಲ್ಲ."

ಹೇಮಳ ಕಾಲು ನಿಂತಿತು. ಮುಚ್ಚಳ! ಮುಚ್ಚಳ ಎತ್ತಿಯೇ ಇರಲಿಲ್ಲ.

ನೀರಿಲ್ಲದೆ ಓಡಿದರೆ ಮೋಟರ್ ಸುಟ್ಟುಹೋಗುತ್ತದೆ ಎಂದು ಅಪ್ಪ ಎಷ್ಟು ಸಲ ಹೇಳಿದ್ದರು! ಟೈಮರ್ ಈಗ ನಿಲ್ಲಿಸುವುದಿಲ್ಲ. ಅಜ್ಜಿ ಪೂಜೆ ಬಿಟ್ಟು ಏಳುವುದಿಲ್ಲ. ಈ ಕಡೆ ಸ್ಕೂಲು, ಆ ಕಡೆ ಮನೆ. ಹೇಮ ಸ್ಕೂಲಿನ ಕಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ಆಮೇಲೆ ಮನೆಯ ಕಡೆ ಓಡಿದಳು. ಬ್ಯಾಗು ಬೆನ್ನಿಗೆ ದಬದಬ ಬಡಿಯುತ್ತಿತ್ತು.

ಮನೆಯಲ್ಲಿ ಸದ್ದೇ ಇರಲಿಲ್ಲ.

'ಸುಟ್ಟೇಹೋಯ್ತು,' ಅಂದುಕೊಂಡು ಹೇಮ ಮೂಗರಳಿಸಿ ನೋಡಿದಳು. ವಾಸನೆಯೇನೂ ಬರಲಿಲ್ಲ.

ಅಡುಗೆಮನೆಯ ಹಿಂಬಾಗಿಲ ಹತ್ತಿರ, ಸ್ವಿಚ್ಚಿನ ಪಕ್ಕ ಅಜ್ಜಿ ನಿಂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ ಹಾಗೇ ಇತ್ತು. ಹಣೆಯ ಮೇಲೆ ವಿಭೂತಿ ಅರ್ಧ ಮಾತ್ರ.

"ಅಜ್ಜಿ! ಪೂಜೆಯಿಂದ ಎದ್ಬುಟ್ಯಾ?"

"ಏಳ್ದೆ ಇನ್ನೇನು ಮಾಡ್ಲಿ? ಮೋಟ್ರು ಸದ್ದು ಕೀರಲಾಗೋಯ್ತು. ಸ್ವಲ್ಪ ಇರಪ್ಪ ಬಂದೆ ಅಂತ ಶಿವಂಗೆ ಹೇಳ್ಬುಟ್ಟು ಬಂದೆ. ನೀನ್ಯಾಕೇ ವಾಪಸ್ ಬಂದೆ? ಆಟ?"

"ನಿಂಗೆ ಪೂಜೇಲಿ ಏನೂ ಕೇಳ್ಸಲ್ಲ ಅನ್ಕೊಂಡಿದ್ದೆ..."

"ಎಲ್ಲಾ ಕೇಳ್ಸುತ್ತೆ ಕಣೇ. ಮೋಟ್ರು, ನೀನು ಟ್ಯಾಂಕಿಗೆ ಬೈಯೋದು, ಗೇಟು. ನೀನು ಗೇಟು ದಾಟಿದ ಮೇಲೇ ನನ್ ಮನಸ್ಸು ಒಂದು ಕಡೆ ನಿಲ್ಲೋದು. ಹೋಗು, ಹೊತ್ತಾಯ್ತು. ನಾನು ಮತ್ತೆ ಮೊದ್ಲಿಂದ ಶುರು ಮಾಡ್ಬೇಕು."

ಹೇಮ ಸ್ಕೂಲು ಸೇರುವಾಗ ಟೀಮಿನವರ ಹೆಸರು ಓದಿ ಮುಗಿದಿತ್ತು. "ಎಕ್ಸ್‌ಟ್ರಾ ಪ್ಲೇಯರ್ ಆಗಿರು, ನೋಡೋಣ," ಎಂದರು ಮಿಸ್. ಬಿಂದುಶ್ರೀ ನಗಲಿಲ್ಲ. ಬಾಟಲಿಯ ನೀರು ಕೊಟ್ಟಳು.

ಸಂಜೆ ಹೇಮ ಅಪ್ಪನ ಹತ್ತಿರ ಎಲ್ಲ ಹೇಳಿದಳು. ಮುಚ್ಚಳ ಎತ್ತದೇ ಇದ್ದದ್ದನ್ನೂ ಬಿಡಲಿಲ್ಲ. ಅಪ್ಪ ಬಾಯಿ ತೆರೆಯುವ ಮೊದಲೇ, "ಸೆನ್ಸರ್ ಇರೋದೇ ತರೋಣಪ್ಪ. ಭಾನುವಾರವೇ ಆಗ್ಲಿ," ಎಂದಳು.

ಭಾನುವಾರ ಮಂಟಯ್ಯ ಬಂದು ವೈರ್ ಎಳೆದು ಹೋದರು. ಅಷ್ಟರಲ್ಲಿ ನಲ್ಲಿಯಲ್ಲಿ ನೀರೂ ಬಂದು ಸಂಪು ತುಂಬಿತ್ತು.

ಸೋಮವಾರ ಬೆಳಿಗ್ಗೆ ಮೋಟರ್ ತಾನೇ ಶುರುವಾಯಿತು. ಹೇಮ ಎರಡೂ ಕಾಲಿಗೆ ಶೂ ಹಾಕಿ ಹೊಸಿಲ ಮೇಲೆ ಕೂತಿದ್ದಳು. ಹೊರಡಬಹುದಿತ್ತು. ದೇವರ ಮನೆಯ ಕಡೆ ನೋಡಿದಳು. ಅಜ್ಜಿಯ ಕಣ್ಣು ಲಿಂಗದ ಮೇಲೆಯೇ ಇತ್ತು. ಕತ್ತು ಮಾತ್ರ ಒಂಚೂರು ಹಿತ್ತಲಿನ ಕಡೆ ವಾಲಿತ್ತು.

ಹೇಮ ಹೋಗಲಿಲ್ಲ. ಕಾದಳು.

ಟಕ್. ಮೋಟರ್ ನಿಂತಿತು.

ಅಜ್ಜಿಯ ಹುಬ್ಬು ಮೇಲೇರಿತು.

"ತುಂಬಿತು ಅಜ್ಜಿ. ತಾನೇ ಆಫ್ ಆಯ್ತು. ನಾನು ಹೊರಟೆ," ಎಂದಳು ಹೇಮ ಮೆಲ್ಲಗೆ.

ಹುಬ್ಬು ಇಳಿಯಿತು. ಹೇಮ ಗೇಟನ್ನು ಸದ್ದಾಗದಂತೆ ಎಳೆದುಕೊಂಡಳು. ಆಮೇಲೆ ಓಡಿದಳು.